ಗುಡ್ಡದ ಮೇಲೆ ಗಣಿ, ತೋಟದಲ್ಲಿ ಬತ್ತಿದ ಬೋರು: ಎರಡಕ್ಕೂ ಸಂಬಂಧ ಐತಾ?

ಹೊಳಲ್ಕೆರೆ ತಾಲ್ಲೂಕಿನ ಓದುಗರೊಬ್ಬರು ಉದ್ದಕ್ಕೆ ಬರೆದಿದ್ದಾರೆ. ಹೆಸರು ಹಾಕ್ಬೇಡಿ ಸರ್ ಅಂದಿದ್ದಾರೆ, ಹಾಕಿಲ್ಲ. ಪತ್ರದಲ್ಲಿ ಬೇಕಾದಷ್ಟನ್ನ ಇಲ್ಲಿ ಕೊಡ್ತೀನಿ:

“ನಮ್ದು 3 ಎಕರೆ ಅಡಿಕೆ. 380 ಅಡಿ ಬೋರು ಹದಿನಾಲ್ಕು ವರ್ಷ ಓಡ್ತು, 2024ರ ಮಾರ್ಚಲ್ಲಿ ಕೈ ಕೊಡ್ತು. ಸಾಲ ಮಾಡಿ ಇನ್ನೊಂದು 720 ಅಡಿ ಕೊರೆಸಿದ್ವಿ, ಒಂದೂವರೆ ಇಂಚು ನೀರು ಅಂದ್ರು, ಈಗ ಅರ್ಧ ಗಂಟೆ ಓಡಿದ್ರೆ ಗಾಳಿ ಹಿಡಿಯುತ್ತೆ. ಎರಡು ಕಿಲೋಮೀಟರ್ ಆಚೆ ಗುಡ್ಡದಲ್ಲಿ ಕಬ್ಬಿಣದ ಅದಿರಿನ ಗಣಿ ಐತೆ. ಗುಂಡೀಲಿ ನೀರು ನಿಂತಿರೋದು ಕಾಣುತ್ತೆ, ನಮ್ ಹತ್ರ ಹನಿ ಇಲ್ಲ. ಮಳೆ ಬಂದ್ರೆ ಹಳ್ಳದಲ್ಲಿ ಕೆಂಪು ನೀರು ಬಂದು ಕೆರೆ ಸೇರುತ್ತೆ. ನಮ್ ಭಾವ ರಾಮಗುಂಡಂ ಕಡೆ ಕಲ್ಲಿದ್ದಲು ಗಣೀಲಿ ಕೆಲಸ ಮಾಡ್ತಾನೆ, ‘ಗಣಿ ಅಂದ್ರೆ ಹಗಲು ರಾತ್ರಿ ಪಂಪ್ ಹೊಡೆದು ಸುತ್ತಲ ನೀರೆಲ್ಲ ಎಳೀತಾರೆ, ನಿಮ್ದೂ ಅದೇ ಕಥೆ’ ಅಂತಾನೆ. ಪಾಯಿಂಟ್ ನೋಡೋರು 1000 ಅಡಿ ದಾಟಿದ್ರೆ ಪಾತಾಳ ಗಂಗೆ ಸಿಗುತ್ತೆ ಅಂತಾರೆ. ಗಣಿಯೋರು ಊರಿಗೆ ಒಂದು ಬೋರು, ಒಂದು ಆರ್‌ಓ ಪ್ಲಾಂಟ್ ಹಾಕ್ಸಿ ಕೊಡ್ತೀವಿ, ಸೈನ್ ಮಾಡಿ ಅಂತಿದ್ದಾರೆ. ನಮ್ ನೀರಿನ ಮೇಲೆ ನಮಗೆ ಹಕ್ಕು ಇಲ್ವಾ? ಏನ್ ಮಾಡ್ಬೇಕು?”

ಮೊದಲು ನಿಮ್ಮ ಭಾವನ ಮಾತು ತಗೊಳ್ತೀನಿ, ಯಾಕಂದ್ರೆ ಅವರು ಹೇಳಿದ್ದು ಸುಳ್ಳಲ್ಲ, ಅವರ ಜಾಗಕ್ಕೆ ಅದು ಸರಿ. ನಾನೂ ದಾವಣಗೆರೆಗೆ ವಾಪಸ್ ಬರೋಕೆ ಮುಂಚೆ ಗೋದಾವರಿ ಕಣಿವೆಯ ಕಲ್ಲಿದ್ದಲು ಸೀಮೆಯಲ್ಲಿ ನೀರಿನ ಅಳತೆ ಮಾಡ್ಕೊಂಡು ಕೆಲವು ವರ್ಷ ಇದ್ದೋನು. ಅಲ್ಲಿ ಕಲ್ಲಿದ್ದಲು ಪದರ ಇರೋದು ಬರಾಕರ್ ಅಂತ ಕರೆಯೋ ಮರಳುಗಲ್ಲಿನ ಮಧ್ಯೆ. ಮರಳುಗಲ್ಲು ಅಂದ್ರೆ ಸ್ಪಂಜ್ ಇದ್ದಂಗೆ, ಕಾಳು ಕಾಳಿನ ಸಂದೀಲೂ ನೀರು, ಆ ಪದರ ಕಿಲೋಮೀಟರ್‌ಗಟ್ಟಲೆ ಒಂದೇ ಸಮ ಹರಡಿರುತ್ತೆ. ಅದರಲ್ಲಿ ನೂರು, ನೂರೈವತ್ತು ಮೀಟರ್ ಗುಂಡಿ ತೋಡಿದ್ರೆ ಸುತ್ತಲ ನೀರೆಲ್ಲ ಗುಂಡಿ ಕಡೆಗೇ ಇಳಿಜಾರಾಗುತ್ತೆ. ಪಂಪ್ ನಿಲ್ಸಿದ್ರೆ ಗಣಿ ಮುಳುಗುತ್ತೆ, ಹಂಗಾಗಿ ನಿಲ್ಸೋ ಪ್ರಶ್ನೇನೇ ಇಲ್ಲ. ತಮಿಳುನಾಡಿನ ನೈವೇಲಿಯಲ್ಲಿ ಇನ್ನೂ ವಿಚಿತ್ರ, ಲಿಗ್ನೈಟ್ ಅನ್ನೋ ಕಂದು ಕಲ್ಲಿದ್ದಲಿನ ಪದರದ ಕೆಳಗಿರೋ ನೀರು ಒತ್ತಡದಿಂದ ಮೇಲಕ್ಕೆ ಒದೀತಿರುತ್ತೆ, ಅದನ್ನ ಸದಾ ಎತ್ತುತ್ತಾ ಇರದಿದ್ರೆ ಗಣಿಯ ನೆಲಾನೇ ಒಡೆದುಕೊಂಡು ಬರುತ್ತೆ. ಕಲ್ಲಿದ್ದಲು ಗಣಿಯೋರಿಗೆ ನೀರು ಅಂದ್ರೆ ಶತ್ರು. 1975ರ ಡಿಸೆಂಬರ್ 27ಕ್ಕೆ ಧನಬಾದ್ ಹತ್ರ ಚಾಸನಾಲಾದಲ್ಲಿ ಪಕ್ಕದ ಹಳೇ ಗಣಿಯಲ್ಲಿ ತುಂಬಿದ್ದ ನೀರು ಗೋಡೆ ಒಡೆದು ನುಗ್ಗಿ 375 ಜನ ಕಾರ್ಮಿಕರು ಸತ್ತರು. ಅಂಥ ಜಾಗದಲ್ಲಿ ಕೆಲಸ ಮಾಡೋನಿಗೆ ಗಣಿ ಅಂದ ಕೂಡ್ಲೇ ಪಂಪೇ ಕಣ್ಮುಂದೆ ಬರೋದು ಸಹಜ.

ನಮ್ಮ ಕಡೆ ಕಲ್ಲಿನ ಜಾತಿಯೇ ಬೇರೆ. ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲ, ಇಲ್ಲಿರೋದು ಚಿತ್ರದುರ್ಗ ಶಿಸ್ಟ್ ಪಟ್ಟಿ, ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೇ ಕಲ್ಲು. ಇದರ ಕಾಳಿನ ಸಂದೀಲಿ ನೀರು ನಿಲ್ಲಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಸ್ವಲ್ಪ, ಅದರ ಕೆಳಗೆ ಬಿರುಕುಗಳಲ್ಲಿ ಸ್ವಲ್ಪ, ಅಷ್ಟೇ. ಕೆಳಗೆ ಹೋದಂಗೆ ಬಿರುಕು ಕಡಿಮೆಯಾಗ್ತಾ ಹೋಗುತ್ತೆ, ಮೇಲಿನ ಭಾರಕ್ಕೆ ಬಾಯಿ ಮುಚ್ಕೊಂಡಿರುತ್ತೆ. ಹಂಗಾಗಿ ಇಲ್ಲಿ ‘ಸುತ್ತಲ ನೀರೆಲ್ಲ ಎಳಕೊಳ್ಳೋದು’ ಅಷ್ಟು ಸುಲಭಕ್ಕೆ ಆಗಲ್ಲ. ಗಣಿಗೆ ಇನ್ನೂರು ಮೀಟರ್ ಹತ್ರ ಇರೋ ಬೋರ್‌ಗೆ ಏನೂ ಆಗದೆ, ಅದೇ ಬಿರುಕಿನ ಸಾಲಲ್ಲಿ ಒಂದು ಕಿಲೋಮೀಟರ್ ಆಚೆ ಇರೋ ಬೋರು ಬತ್ತಬಹುದು, ಮಧ್ಯೆ ಒಂದು ಕರಿಕಲ್ಲಿನ ಡೈಕ್, ಅಂದ್ರೆ ನೆಲದೊಳಗೆ ಗೋಡೆಯಂಗೆ ನಿಂತ ಗಟ್ಟಿ ಕಲ್ಲು, ಅಡ್ಡ ಬಂದಿದ್ರೆ ಆ ಕಡೆ ಈ ಕಡೆ ಪೂರಾ ಬೇರೆ ಲೆಕ್ಕ. ಗಣಿಯೋರು ‘ಎರಡು ಕಿಲೋಮೀಟರ್ ದೂರ ಇದೀವಿ, ಸಂಬಂಧ ಇಲ್ಲ’ ಅಂದ್ರೆ ಅದೂ ವಾದ ಅಲ್ಲ, ನೀವು ‘ಗಣಿ ಹತ್ರ ಐತೆ, ಅದಕ್ಕೇ ಬತ್ತಿದೆ’ ಅಂದ್ರೆ ಅದೂ ವಾದ ಅಲ್ಲ.

ಇನ್ನೊಂದು ಮುಖ್ಯ ವ್ಯತ್ಯಾಸ ಇದೆ. ಕಲ್ಲಿದ್ದಲು ಗುಂಡಿ ಬಯಲಿನಿಂದ ಕೆಳಕ್ಕೆ ಇಳಿಯುತ್ತೆ. ನಮ್ಮ ಕಬ್ಬಿಣದ ಅದಿರು ಗುಡ್ಡದ ನೆತ್ತಿ ಮೇಲೆ ಕೂತಿರುತ್ತೆ, ಗುಂಡಿಯ ತಳ ಬಹಳ ಸಲ ಕೆಳಗಿನ ಊರಿನ ನೆಲಮಟ್ಟಕ್ಕಿಂತ ಮೇಲೇ ಇರುತ್ತೆ. ಹಂಗಿದ್ದಾಗ ಗುಂಡೀಲಿ ಕಾಣೋ ನೀರು ಮಳೆ ನೀರು, ನಿಮ್ಮ ಬೋರಿನ ನೀರಲ್ಲ. ಆದ್ರೆ ಗುಂಡಿ ಆಳಕ್ಕೆ ಹೋಗಿ ಅಂತರ್ಜಲ ಮಟ್ಟ ಮುಟ್ಟಿದ್ರೆ ಕಥೆ ಬದಲಾಗುತ್ತೆ. ಎರಡರಲ್ಲಿ ಯಾವುದು ಅಂತ ತಿಳ್ಕೊಳ್ಳೋಕೆ ವಿಜ್ಞಾನಿ ಬೇಕಾಗಿಲ್ಲ. ಏಪ್ರಿಲ್ ಕೊನೇಲಿ, ಅಡ್ಡಮಳೆ ಬೀಳೋಕೆ ಮುಂಚೆ, ದೂರದ ದಿಬ್ಬದಿಂದ ಒಂದು ಫೋಟೋ ತೆಗೀರಿ, ಹದಿನೈದು ದಿನ ಬಿಟ್ಟು ಅದೇ ಜಾಗದಿಂದ ಇನ್ನೊಂದು. ಬಿಸಿಲಿಗೆ ಇಳಿದಿದ್ರೆ ಮಳೆ ನೀರು. ಪಂಪ್ ಹೊಡೀತಾ ಇದ್ದೂ ಮಟ್ಟ ಅಲ್ಲಾಡ್ಲಿಲ್ಲ ಅಂದ್ರೆ ಅದಕ್ಕೆ ಕೆಳಗಿಂದ ಊಟೆ ಇದೆ ಅಂತ ಅರ್ಥ, ಆವಾಗ ಕೇಳೋ ಪ್ರಶ್ನೆ ಬೇರೆ, ಅದನ್ನ ಮುಂದೆ ಹೇಳ್ತೀನಿ.

ಈಗ ನಿಮಗೆ ಇಷ್ಟ ಆಗದ ಮಾತು.

ಒಂದು ಎಕರೆ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿತ್ತು ಅಂದ್ಕೊಳ್ಳಿ, ಹೆಚ್ಚು ಕಡಿಮೆ 24 ಲಕ್ಷ ಲೀಟರ್. ನಮ್ಮ ಕಲ್ಲಿನಲ್ಲಿ ಇಂಗಿ ಕೆಳಕ್ಕೆ ಹೋಗೋದು ನೂರಕ್ಕೆ ಐದರಿಂದ ಹತ್ತು. ಏಳು ಅಂತ ಹಿಡೀರಿ, 1 ಲಕ್ಷದ 70 ಸಾವಿರ ಲೀಟರ್ ಆಯ್ತು. ಒಂದು ಎಕರೆಗೆ ಅಡಿಕೆ ಗಿಡ ಒಂಬತ್ತು ಅಡಿ ಅಂತರಕ್ಕೆ 540, ಡ್ರಿಪ್ ಇದ್ರೂ ಗಿಡಕ್ಕೆ ದಿನಕ್ಕೆ 18 ಲೀಟರ್ ಬೇಕು. ಅಂದ್ರೆ ದಿನಕ್ಕೆ 9,700 ಲೀಟರ್, ಡಿಸೆಂಬರ್‌ನಿಂದ ಮೇ ತನಕ 180 ದಿನಕ್ಕೆ 17 ಲಕ್ಷ ದಾಟುತ್ತೆ. ಹತ್ತು ಎಕರೆ ನೆಲದಲ್ಲಿ ಇಂಗಿದ ನೀರನ್ನ ಒಂದು ಎಕರೆ ತೋಟ ಕುಡಿಯುತ್ತೆ. ನಿಮ್ಮ 3 ಎಕರೆಗೆ 30 ಎಕರೆ ನೆಲ ಬೇಕು, ಆ ಮೂವತ್ತು ಎಕರೆಯವರೂ ಅಡಿಕೆ ಹಾಕಿದ್ರೆ? ಕೊಳವೆ ಬಾವಿ ಇಲ್ಲದ ಕಾಲದಲ್ಲಿ ಕೆರೆ ಹಿಂದೆ ಮಾತ್ರ ತೋಟ ಇರ್ತಿತ್ತು, ಈಗ ಗುಡ್ಡದ ಬುಡದ ತನಕ ಹೋಗಿದೆ. ನಾನೂ ತೋಟದವರ ಮನೆಯವನೇ, ಚನ್ನಗಿರಿ ಕಡೆ ನಮ್ಮ ಚಿಕ್ಕಪ್ಪಂದಿರು ಇದೇ ಲೆಕ್ಕ ಕೇಳಿ ಎದ್ದು ಹೋಗಿದ್ರು.

ಇಸವಿಗಳನ್ನೂ ಒಂದ್ಸಲ ನೋಡಿ. ನಿಮ್ಮ ಬೋರು ಕೊರೆಸಿದ್ದು 2010ರ ಸುಮಾರಿಗೆ. ಸುಪ್ರೀಂ ಕೋರ್ಟ್ 2011ರ ಆಗಸ್ಟ್ 26ಕ್ಕೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆ ನಿಲ್ಸಿತ್ತು, ಆಮೇಲೆ ಅಕ್ರಮ ಎಷ್ಟು ಅಂತ ನೋಡಿ ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ, 2012ರಲ್ಲಿ ಎ ವರ್ಗಕ್ಕೆ, 2013ರ ಏಪ್ರಿಲ್ 18ರ ತೀರ್ಪಿನ ಮೇಲೆ ಬಿ ವರ್ಗಕ್ಕೆ ಹಂತ ಹಂತವಾಗಿ ಬಿಟ್ಟಿದ್ದು, ಸಿ ವರ್ಗದ್ದು ರದ್ದು. ಗಣಿ ನಿಂತಿದ್ದ ಆ ಕಾಲದಲ್ಲಿ ನಿಮ್ಮ ನೀರು ಮೇಲೆ ಬಂತಾ? ಬರದೇ ಇರಬಹುದು, 2012 ಬರಗಾಲ. ಆಮೇಲೆ 2022ರಲ್ಲಿ ಮಳೆ ಹೆಂಗೆ ಹೊಡೀತು ಅಂದ್ರೆ ವಾಣಿವಿಲಾಸ ಸಾಗರ 1933 ಆದ್ಮೇಲೆ ಮೊದಲ ಸಲ ಕೋಡಿ ಬಿತ್ತು. ಆ ವರ್ಷ ಸುತ್ತಲ ಊರುಗಳ ಸತ್ತ ಬೋರೆಲ್ಲ ಉಕ್ಕಿ, ನಿಮ್ಮ ಊರಿಂದು ಮಾತ್ರ ಏಳದೇ ಇದ್ದಿದ್ರೆ ನನಗೆ ಅನುಮಾನ ಬರ್ತಿತ್ತು. ನಿಮ್ಮ ಬೋರು ನಿಂತಿದ್ದು 2024ರ ಮಾರ್ಚ್, ಹಿಂದಿನ ಮಳೆಗಾಲ ಅಂದ್ರೆ 2023, ರಾಜ್ಯದ ಬಹುಪಾಲು ತಾಲ್ಲೂಕು ಬರ ಘೋಷಣೆ ಆದ ವರ್ಷ. ಆ ಬೇಸಿಗೆ ಗಣಿ ಇಲ್ಲದ ಜಗಳೂರು ಕಡೆ ಊರಲ್ಲೂ ಬೋರು ಸಾಲಾಗಿ ಮಲಗಿದ್ವು. ಬರೀ ಗಣಿಯೇ ನಿಮ್ಮ ಬೋರು ಕೊಂದಿದ್ದು ಅಂತ ಯಾವ ಅಧಿಕಾರಿ ಮುಂದೆ ನಿಂತು ಹೇಳಿದ್ರೂ ಅವರು ಮೊದಲು ಕೇಳೋದು ಇದನ್ನೇ, ಅದಕ್ಕೆ ಮೊದಲೇ ಹೇಳ್ತಿದೀನಿ.

ಹಂಗಂತ ಗಣಿಗೆ ಕ್ಲೀನ್ ಚಿಟ್ ಕೊಡ್ತಿಲ್ಲ. ನೀವು ಪತ್ರದಲ್ಲಿ ಒಂದೇ ಸಾಲಲ್ಲಿ ಹೇಳಿ ದಾಟಿದ ವಿಷಯ ಇದೆಯಲ್ಲ, ಹಳ್ಳದಲ್ಲಿ ಕೆಂಪು ನೀರು ಬಂದು ಕೆರೆ ಸೇರುತ್ತೆ ಅಂತ, ನನ್ನ ಪ್ರಕಾರ ನಿಮ್ಮ ನೀರು ಹೋಗ್ತಿರೋದು ಅಲ್ಲಿ.

ಗುಡ್ಡ ಸುಮ್ನೆ ನಿಂತಿರಲ್ಲ. ಅದಿರು ಇರೋ ನೆತ್ತಿಯ ಕಲ್ಲು ಬಿರುಕು ಬಿಟ್ಟು ತೂತು ತೂತಾಗಿರುತ್ತೆ, ಮಳೆ ನೀರು ಕುಡಿದು ತಿಂಗಳುಗಟ್ಟಲೆ ಇಟ್ಕೊಂಡು ಬುಡದಲ್ಲಿ ಊಟೆಯಾಗಿ ಬಿಡುತ್ತೆ. ನಿಮ್ಮ ಊರಿನ ಹಿರೀಕರನ್ನ ಕೇಳಿ, ಗುಡ್ಡದ ಬುಡದ ಹಳ್ಳ ಮೊದಲು ಯಾವ ತಿಂಗಳ ತನಕ ಹರೀತಿತ್ತು ಅಂತ. ಆ ನೆತ್ತಿ ತೆಗೆದ್ಮೇಲೆ ಕುಡಿದು ಇಟ್ಕೊಳ್ಳೋ ಜಾಗ ಹೋಯ್ತು, ಮಳೆ ಬಿದ್ದ ನೀರು ಒಂದೆರಡು ಗಂಟೇಲಿ ರಭಸಕ್ಕೆ ಇಳಿದು ಹೋಗುತ್ತೆ. ಬರೋವಾಗ ಡಂಪ್‌ನ, ಅಂದ್ರೆ ಗಣಿಯೋರು ಬೇಡ ಅಂತ ಸುರಿದ ರಾಶಿಯ, ಮಣ್ಣನ್ನೂ ತರುತ್ತೆ.

ಒಂದ್ಸಲ ಹೊಸದುರ್ಗ ರಸ್ತೆ ಕಡೆ ಇಂಥದ್ದೇ ಒಂದು ಕೆರೆಗೆ ಏಪ್ರಿಲ್‌ನಲ್ಲಿ ಹೋಗಿದ್ದೆ. ಅಂಗಳ ಒಣಗಿತ್ತು, ಮೇಲೆ ನಾಲ್ಕು ಬೆರಳು ದಪ್ಪ ಕೆಂಪು ಪದರ, ಬಿಸಿಲಿಗೆ ಹೆಂಚಿನ ಚೂರಿನಂಗೆ ಬಿರಿದು ಅಂಚು ಮೇಲೆದ್ದಿತ್ತು. ಒಂದು ಚೂರು ಎತ್ತಿದ್ರೆ ಕೈಗೆ ಭಾರ, ಒಡೆದ್ರೆ ಕುಂಕುಮದಂಗೆ ನುಣ್ಣಗೆ. ಅದರ ಕೆಳಗೆ ಹಳೇ ಕೆರೆಯ ಕಪ್ಪು ಗೋಡು. ಜೊತೇಲಿದ್ದ ಹುಡುಗನ ಹತ್ರ ಎರಡು ಕೊಡ ನೀರು ತರಿಸಿ, ಕೆಂಪು ಪದರದಲ್ಲೇ ಒಂದು ಬೋಗುಣಿಯಷ್ಟು ತಗ್ಗು ಮಾಡಿ ಒಂದು ಕೊಡ ಸುರಿದ್ವಿ, ಪಕ್ಕದಲ್ಲಿ ಆ ಪದರ ಪೂರಾ ಹೆರೆದು ಅಷ್ಟೇ ತಗ್ಗು ಮಾಡಿ ಇನ್ನೊಂದು. ಹೆರೆದ ಕಡೆ ನಾವು ಬುತ್ತಿ ಬಿಚ್ಚಿ ಉಣ್ಣೋಷ್ಟರಲ್ಲಿ ನೀರು ಇಂಗಿ ಹೋಗಿತ್ತು. ಕೆಂಪು ಪದರದ್ದು ಸಂಜೆ ನಾವು ಹೊರಡೋವಾಗ್ಲೂ ನಿಂತಿತ್ತು, ಅದರಲ್ಲಿ ಒಂದು ಗುಬ್ಬಿ ಸ್ನಾನ ಮಾಡ್ತಿತ್ತು. ಕೆರೆ ತುಂಬಿದೆ ಅಂತ ಊರವರು ಖುಷಿ ಪಡ್ತಾರೆ, ತುಂಬಿರೋ ನೀರು ಕೆಳಕ್ಕೆ ಇಳೀತಿಲ್ಲ, ಬಿಸಿಲಿಗೆ ಆರಿ ಹೋಗ್ತಿದೆ, ಕೆರೆ ಹಿಂದಿನ ಬೋರ್‌ಗಳಿಗೆ ಏನೂ ಸಿಗ್ತಿಲ್ಲ. ಇದು ಪಂಪ್ ಹೊಡೆದು ನೀರು ಕದಿಯೋದಕ್ಕಿಂತ ಮೆತ್ತಗೆ ನಡೆಯೋ ಕೆಲಸ, ಸದ್ದಿಲ್ಲ, ಅದಕ್ಕೇ ಯಾರೂ ದೂರು ಕೊಡಲ್ಲ.

ಈ ಕೆಂಪು ನೀರಿಗೆ ‘ವಿಷ’ ಅಂತ ಹೆಸರಿಟ್ಟು ಹೆದರಿಸೋರೂ ಇದ್ದಾರೆ. ಹೆಮಟೈಟ್ ಅನ್ನೋ ಈ ಕಬ್ಬಿಣದ ಅದಿರು ನೀರಲ್ಲಿ ಕರಗಲ್ಲ, ಬಣ್ಣ ಬಂದಿರೋದು ನುಣುಪು ಧೂಳಿಂದ. ಕಲ್ಲಿದ್ದಲು ಗಣೀಲಿ ಆಮ್ಲದ ನೀರು ಬರೋದು ಕಲ್ಲಿದ್ದಲಲ್ಲಿ ಗಂಧಕ ಇರೋ ಪೈರೈಟ್ ಇದ್ದಾಗ, ಅದು ಗಾಳಿ ನೀರು ಸೋಕಿ ಗಂಧಕಾಮ್ಲ ಆಗುತ್ತೆ. ಮೇಘಾಲಯದ ಜೈಂತಿಯಾ ಗುಡ್ಡದ ಲುಖಾ ನದಿ ಚಳಿಗಾಲದಲ್ಲಿ ನೀಲಿ ಬಣ್ಣಕ್ಕೆ ತಿರುಗಿ ಮೀನು ಸತ್ತಿದ್ದಕ್ಕೆ ಬೆರಳು ತೋರಿಸೋದು ಅಲ್ಲಿನ ಗಂಧಕದ ಕಲ್ಲಿದ್ದಲು ಕಡೆಗೇ. ನಿಮ್ಮ ಭಾವ ಇರೋ ಗೋದಾವರಿ ಕಣಿವೆ ಕಲ್ಲಿದ್ದಲಲ್ಲೂ ಗಂಧಕ ಕಡಿಮೆ, ಅಲ್ಲಿ ಆ ಸಮಸ್ಯೆ ಅಷ್ಟಿಲ್ಲ. ನಿಮ್ಮ ಚಿತ್ರದುರ್ಗ ಜಿಲ್ಲೇಲಿ ಆ ಪ್ರಶ್ನೆ ಕೇಳೋದಾದ್ರೆ ಇಂಗಳದಾಳಿನ ಹಳೇ ತಾಮ್ರದ ಗಣಿ ಹತ್ರ ಕೇಳ್ಬೇಕು, ಅಲ್ಲಿಂದು ಗಂಧಕ ಇರೋ ಅದಿರು. ನಿಮ್ಮ ಕೆರೆ ನೀರು ಟೆಸ್ಟ್ ಮಾಡ್ಸಿ, ಬೇಡ ಅನ್ನಲ್ಲ, ಅಕ್ಕಪಕ್ಕ ಮ್ಯಾಂಗನೀಸ್ ಅದಿರು ಇದ್ರೆ ಅದನ್ನೂ ನೋಡ್ಸಿ. ಆದ್ರೆ ಹೂಳು ಬಿಟ್ಟು ವಿಷದ ಹಿಂದೆ ಬಿದ್ರೆ, ರಿಪೋರ್ಟ್ ನಾರ್ಮಲ್ ಬಂದ ದಿನ ಗಣಿಯೋರು ಅದನ್ನೇ ಫ್ರೇಮ್ ಹಾಕಿಸಿ ಗೋಡೆಗೆ ಹಾಕ್ತಾರೆ, ನಿಮ್ಮ ದೂರೇ ಮುಗಿದು ಹೋಗುತ್ತೆ. ಬ್ಲಾಸ್ಟಿಂಗ್ ಬಗ್ಗೆನೂ ಹಂಗೇ. ಹತ್ತಿರದ ತೆರೆದ ಬಾವಿ ಕಟ್ಟೆ ಕುಸೀಬಹುದು, ಮನೆ ಗೋಡೆ ಬಿರುಕು ಬಿಡಬಹುದು, ಆದ್ರೆ ಎರಡು ಕಿಲೋಮೀಟರ್ ಆಚೆ ಬೋರಿನ ನೀರು ಆ ಅದುರಿಗೆ ಕೆಳಕ್ಕೆ ಸೋರಿ ಹೋಯ್ತು ಅನ್ನೋದು ಕಥೆ.

ಹಕ್ಕಿನ ಪ್ರಶ್ನೆ. ನಾನು ವಕೀಲ ಅಲ್ಲ, ಮೂವತ್ತು ವರ್ಷ ಈ ಕಡತಗಳ ಮಧ್ಯೆ ಓಡಾಡಿದ ಅನುಭವದಿಂದ ಹೇಳ್ತೀನಿ.

ಭೂಮಿ ಕೆಳಗಿನ ನೀರಿನ ಬಗ್ಗೆ ನಮ್ಮ ಕಾನೂನು ಇನ್ನೂ 1882ರ ಈಸ್ಮೆಂಟ್ಸ್ ಆಕ್ಟ್ ಕಾಲದಲ್ಲೇ ಇದೆ. ಗೊತ್ತಿರೋ ಕಾಲುವೆಯಾಗಿ ಹರಿಯದೆ ಸುಮ್ನೆ ನೆಲದಡಿ ಇರೋ ನೀರನ್ನ ಆ ನೆಲದ ಮಾಲೀಕ ತನ್ನ ಗಡಿಯೊಳಗೆ ಎತ್ಕೋಬಹುದು ಅಂತ ಅದರಲ್ಲಿ ಇದೆ. ಇದು ನಿಮ್ಮ ಪರ ಅನ್ಸುತ್ತೆ, ಆದ್ರೆ ಪಕ್ಕದವನಿಗೂ ಅದೇ ಹಕ್ಕು. ಅವನು 900 ಅಡಿ ಕೊರೆಸಿ ನಿಮ್ದು ಬತ್ತಿಸಿದ್ರೂ ಬಾಯಿ ಮುಚ್ಕೊಂಡು ಕೂರಬೇಕು. ಇದಕ್ಕೆ ಕಡಿವಾಣ ಹಾಕೋಕೆ ಬಂದಿದ್ದು ಕರ್ನಾಟಕದ 2011ರ ಅಂತರ್ಜಲ ಕಾಯ್ದೆ, ಅಧಿಸೂಚಿತ ಪ್ರದೇಶದಲ್ಲಿ ಕೊರೆಸೋಕೆ ಅನುಮತಿ ಬೇಕು, ರೈತನಿಗೂ ಬೇಕು, ಗಣಿಗೂ ಬೇಕು. ಕುಡಿಯೋ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಂಗಿಲ್ಲ ಅನ್ನೋ 1999ರ ಕಾಯ್ದೆನೂ ಇದೆ. ಗಣಿ ಗುತ್ತಿಗೆ ಅಂದ್ರೆ ಅದಿರಿನ ಹಕ್ಕು ಅಷ್ಟೇ, ಗುಡ್ಡದ ನೀರನ್ನೂ ಬರ್ಕೊಟ್ಟಂಗಲ್ಲ.

ಆದ್ರೂ ನೆಲದಡಿಯ ನೀರಿನ ಕೇಸು ಗೆಲ್ಲೋದು ಕಷ್ಟ. ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ತೋರಿಸೋ ಹೊಣೆ ನಿಮ್ಮ ತಲೆ ಮೇಲೆ ಬರುತ್ತೆ, ಎದುರಿಗೆ ಅವರ ಕನ್ಸಲ್ಟೆಂಟ್ ಬಣ್ಣ ಬಣ್ಣದ ಮ್ಯಾಪ್ ತಂದು ಇಡ್ತಾನೆ. ಹಳ್ಳ ಹಂಗಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ ಹೊಳೆ, ಹಳ್ಳ, ಕೆರೆ ಎಲ್ಲ ಸರ್ಕಾರದ ಸ್ವತ್ತು, ಹಳ್ಳ ಗ್ರಾಮ ನಕಾಶೇಲಿ ಗೆರೆ ಹಾಕಿ ಇರುತ್ತೆ. ಅದನ್ನ ಮುಚ್ಚಿದ್ರೆ, ತಿರುಗಿಸಿದ್ರೆ, ಡಂಪ್ ಅದರ ಮೇಲೆ ಬಂದು ಕೂತಿದ್ರೆ ಕಣ್ಣಿಗೆ ಕಾಣುತ್ತೆ, ಫೋಟೋಗೆ ಬೀಳುತ್ತೆ, ಸರ್ವೇಯರ್ ಚೈನ್ ಹಿಡಿದ್ರೆ ಗೊತ್ತಾಗುತ್ತೆ. ಬೋರು ಬಿಡಿ, ಹಳ್ಳ ಹಿಡೀರಿ. ನಿಮಗೆ ನಾನು ಹೇಳೋದು ಇದೊಂದೇ, ಉಳಿದಿದ್ದೆಲ್ಲ ಇದರ ಸುತ್ತ.

ಮೊದಲ ಕೆಲಸ ಕಾಗದ. ಪ್ರತಿ ಗಣಿಗೂ ಪರಿಸರ ಅನುಮತಿ ಪತ್ರ ಇರುತ್ತೆ, ಅದರಲ್ಲಿ ಷರತ್ತುಗಳು ಇರುತ್ವೆ. ಸಾಮಾನ್ಯವಾಗಿ ಬರೋವು ಇವು: ಡಂಪ್ ಬುಡದಲ್ಲಿ ತಡೆಗೋಡೆ, ಸುತ್ತ ಗಾರ್ಲೆಂಡ್ ಡ್ರೈನ್ (ಹಾರದಂಗೆ ಸುತ್ತುವರಿದ ಚರಂಡಿ), ಹೂಳು ಕೂರೋ ಗುಂಡಿ, ಮಳೆಗಾಲಕ್ಕೆ ಮುಂಚೆ ಆ ಗುಂಡಿ ಖಾಲಿ ಮಾಡೋದು, ನೈಸರ್ಗಿಕ ಹಳ್ಳ ಮುಟ್ಟದೇ ಇರೋದು, ಅನುಮತಿ ಇಲ್ಲದೆ ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಇಳೀದೇ ಇರೋದು, ವರ್ಷಕ್ಕೆ ನಾಲ್ಕು ಸಲ ಸುತ್ತಲ ಬಾವಿಗಳ ನೀರಿನ ಮಟ್ಟ ಅಳೆಯೋದು. ಆರು ತಿಂಗಳಿಗೊಮ್ಮೆ ಪಾಲನಾ ವರದಿ ಸಲ್ಲಿಸ್ಬೇಕು. ಈ ವರದಿ ಮಾಹಿತಿ ಹಕ್ಕಲ್ಲಿ ತೆಗೆಸಿ, ಬಾವಿ ಮಟ್ಟದ ಪಟ್ಟಿ ನೋಡಿ. ನಾನು ನೋಡಿದ ಒಂದು ವರದೀಲಿ ಮೇ ತಿಂಗಳ ಮಟ್ಟ ನವೆಂಬರ್ ಮಟ್ಟಕ್ಕಿಂತ ಮೇಲೆ ಇತ್ತು! ಬೇಸಿಗೇಲಿ ಬಾವಿ ತುಂಬಿತ್ತಂತೆ. ಯಾರೂ ಓದಲ್ಲ ಅನ್ನೋ ಧೈರ್ಯ. ಗುಂಡೀಲಿ ಊಟೆ ನೀರಿದೆ ಅಂತ ನಿಮ್ಮ ಏಪ್ರಿಲ್ ಫೋಟೋ ತೋರಿಸಿದ್ರೆ, ಅಂತರ್ಜಲ ಮಟ್ಟ ದಾಟೋಕೆ ಅನುಮತಿ ಎಲ್ಲಿ ಅಂತ ಕೇಳೋ ಜಾಗನೂ ಇದೇ.

ಜೊತೆಗೆ ನಿಮ್ಮದೇ ಅಳತೆ ಬೇಕು. ಸತ್ತ 380 ಅಡಿ ಬೋರಿನಿಂದ ಮೋಟ್ರು ಎತ್ತಿದೀರಾ ಅಂದ್ಕೊಳ್ತೀನಿ, ಅದಕ್ಕಿಂತ ಒಳ್ಳೇ ಅಳತೆ ಬಾವಿ ಇಲ್ಲ. ಒಂದು ಸಣ್ಣ ಸ್ಟೀಲ್ ಲೋಟದ ತಳಕ್ಕೆ ತೂತು ಕೊರೆಸಿ, ಬಾಯಿ ಕೆಳಗಾಗಿ ದಾರಕ್ಕೆ ಕಟ್ಟಿ, ಮೇಲೆ ಒಂದು ನಟ್ಟು ಸೇರಿಸಿ ಭಾರ ಮಾಡಿ. ನಿಧಾನಕ್ಕೆ ಇಳಿಸಿದ್ರೆ ನೀರು ಮುಟ್ಟಿದ ಕೂಡ್ಲೇ ‘ಟೊಪ್’ ಅಂತ ಸದ್ದು ಬರುತ್ತೆ, ಎರಡು ಸಲ ಎತ್ತಿ ಇಳಿಸಿ ಖಾತ್ರಿ ಮಾಡ್ಕೊಂಡು ದಾರಕ್ಕೆ ಗಂಟು ಹಾಕಿ, ಮೇಲೆ ತಂದು ಟೇಪಲ್ಲಿ ಅಳೀರಿ. ತಿಂಗಳಿಗೆ ಒಂದು ದಿನ, ಬೆಳಿಗ್ಗೆ, ಪಕ್ಕದ ಮೋಟ್ರುಗಳು ಶುರುವಾಗೋ ಮುಂಚೆ. ಓಡೋ ಬೋರಿಗೆ ‘ಒಂದೂವರೆ ಇಂಚು’ ಅನ್ನೋ ಲೆಕ್ಕ ಕಚೇರೀಲಿ ನಡಿಯಲ್ಲ, 200 ಲೀಟರ್ ಡ್ರಮ್ ಎಷ್ಟು ನಿಮಿಷಕ್ಕೆ ತುಂಬುತ್ತೆ ನೋಡಿ. ಐದು ನಿಮಿಷ ಅಂದ್ರೆ ಗಂಟೆಗೆ 2,400 ಲೀಟರ್. ಗಾಳಿ ಹಿಡಿಯೋಕೆ ಎಷ್ಟು ನಿಮಿಷ, ಮತ್ತೆ ನೀರು ಕೂಡೋಕೆ ಎಷ್ಟು ಹೊತ್ತು, ಅದನ್ನೂ ಬರೀರಿ. ಊರಲ್ಲಿ ಹತ್ತು ಜನ ಹಿಂಗೆ ಒಂದು ವರ್ಷ ಬರೆದಿಟ್ರೆ ಅದಕ್ಕೆ ಇರೋ ಬೆಲೆ ನನ್ನಂಥೋನು ಒಂದು ದಿನ ಬಂದು ಕೊಡೋ ರಿಪೋರ್ಟಿಗೆ ಇಲ್ಲ.

ರಸ್ತೆಗೆ ನೀರು ಹೊಡೆಯೋ ಟ್ಯಾಂಕರ್‌ಗಳನ್ನ ಎಣಿಸಿದೀರಾ? 12,000 ಲೀಟರಿನ ಟ್ಯಾಂಕರ್ ದಿನಕ್ಕೆ ಹದಿನೈದು ಟ್ರಿಪ್ ಹೊಡೆದ್ರೆ 1 ಲಕ್ಷದ 80 ಸಾವಿರ, ಮೇಲಿನ ಲೆಕ್ಕದಲ್ಲಿ ಹದಿನೆಂಟು ಎಕರೆ ಅಡಿಕೆಯ ನೀರು. ಆ ನೀರು ಎಲ್ಲಿ ತುಂಬಿಸ್ತಾರೆ, ಗಣಿ ಗುಂಡೀಲಾ, ಯಾರದ್ದಾದ್ರೂ ತೋಟದ ಬೋರಲ್ಲಾ? ನಾನು ಕಂಡ ಹಂಗೆ ಬಹಳ ಕಡೆ ಊರಿನವರೇ ಯಾರೋ ಮಾರ್ತಿರ್ತಾರೆ. ಇದನ್ನ ಕೆದಕಿದ್ರೆ ಊರಲ್ಲಿ ಜಗಳ, ಅದೂ ಗೊತ್ತಿರ್ಲಿ.

ಈಗ ನಿಮ್ಮ ಮುಂದಿರೋ ದಾರಿಗಳು.

1000 ಅಡಿ ಕೊರೆಸೋದು ನನ್ನ ಪ್ರಕಾರ ಬೇಡ. ಪಾತಾಳ ಗಂಗೆ ಅನ್ನೋದು ಇಲ್ಲ, ಇರೋದು ಅಲ್ಲೊಂದು ಇಲ್ಲೊಂದು ಬಿರುಕು, ಅದರಲ್ಲಿ ತುಂಬಾ ಹಿಂದೆ ಇಳಿದು ಕೂತ ನೀರು. ಸಿಕ್ಕಿದ್ರೂ ಆರು ತಿಂಗಳು ಎತ್ತಿದ್ರೆ ಖಾಲಿ, ತಿರುಗಿ ತುಂಬೋಕೆ ನಿಮ್ಮ ಮಕ್ಕಳ ಕಾಲ ಬೇಕು. ಆಳಕ್ಕೆ ಹೋದಂಗೆ ಅಡಿಗೆ ರೇಟು ಏರುತ್ತೆ, ಕೇಬಲ್ಲು, ಪೈಪು, ಮೋಟ್ರು ಎಲ್ಲ ದೊಡ್ಡದು ಬೇಕು. ಇನ್ನೊಂದು, ನಿಮ್ಮ ಜಿಲ್ಲೆಯ ಆಳದ ನೀರಲ್ಲಿ ಫ್ಲೋರೈಡ್ ಇರೋದು ಹಳೇ ವಿಷಯ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರ್ಬೇಕು, ಬೇರೆ ಮೂಲ ಇಲ್ಲ ಅಂದ್ರೆ ಒಂದೂವರೆ ತನಕ. ಇದು ಗಣಿಯಿಂದ ಬಂದಿದ್ದಲ್ಲ, ಕಲ್ಲಿಂದಾನೇ ಬಂದಿದ್ದು. ನಿಮ್ಮ 720 ಅಡಿ ಬೋರಿನ ನೀರು ಮನೇಲಿ ಕುಡೀತಿದ್ರೆ ಈ ವಾರಾನೇ ಟೆಸ್ಟ್ ಮಾಡ್ಸಿ.

ಗಣಿಯೋರ ಬೋರು, ಆರ್‌ಓ ಪ್ಲಾಂಟು ತಗೊಳ್ಳೋದು ತಪ್ಪಲ್ಲ, ಫ್ಲೋರೈಡ್ ಇರೋ ಕಡೆ ಆರ್‌ಓ ಉಪಯೋಗಕ್ಕೇ ಬರುತ್ತೆ. ಆದ್ರೆ ಸೈನ್ ಮಾಡೋ ಕಾಗದ ಪೂರಾ ಓದಿ. “ಗಣಿಗಾರಿಕೆಯಿಂದ ನಮಗೆ ಯಾವುದೇ ತೊಂದರೆ ಇರುವುದಿಲ್ಲ, ಮುಂದೆಯೂ ತಕರಾರು ಮಾಡುವುದಿಲ್ಲ” ಅನ್ನೋ ಒಂದು ಸಾಲು ಕೊನೇಲಿ ಕೂತಿರುತ್ತೆ. ಆ ಸಾಲು ಹೊಡೆದು ಹಾಕಿ, ಕರೆಂಟ್ ಬಿಲ್ ಯಾರು ಕಟ್ತಾರೆ, ಮೆಂಬ್ರೇನ್ ಯಾರು ಬದಲಾಯಿಸ್ತಾರೆ ಅಂತ ಬರೆಸಿ, ಪಂಚಾಯ್ತಿ ಹೆಸರಿಗೆ ಮಾಡಿಸಿ. ಮತ್ತೆ ಕೊಡೋ ಬೋರು ಅದೇ ನೆಲದ ನೀರನ್ನೇ ಎತ್ತೋದು, ಅವರು ತಮ್ಮ ಜೇಬಿಂದ ನೀರು ಕೊಟ್ಟಂಗಲ್ಲ.

ಹಣ ಕೇಳೋ ಇನ್ನೊಂದು ಬಾಗಿಲು ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ತಿದ್ದುಪಡಿ ಆದ್ಮೇಲೆ ಗಣಿಯೋರು ರಾಯಲ್ಟಿ ಮೇಲೆ ಹೆಚ್ಚುವರಿಯಾಗಿ ಅದಕ್ಕೆ ಕಟ್ಟಬೇಕು, ಹರಾಜಲ್ಲಿ ತಗೊಂಡ ಗಣಿ ಆದ್ರೆ ರಾಯಲ್ಟಿಯ ನೂರಕ್ಕೆ 10, ಹಳೇ ಗುತ್ತಿಗೆ ಆದ್ರೆ 30. ಕುಡಿಯೋ ನೀರು, ಪರಿಸರ ಇವೆಲ್ಲ ಆ ಹಣದಲ್ಲಿ ಮೊದಲ ಆದ್ಯತೆ. ಗ್ರಾಮಸಭೇಲಿ ಠರಾವು ಮಾಡಿ ಕೆರೆಯ ಕೆಂಪು ಪದರ ಹೆರೆಯೋಕೆ, ಹಳ್ಳಕ್ಕೆ ಹೂಳು ತಡೆಯೋ ಚೆಕ್‌ಡ್ಯಾಮ್ ಹಾಕೋಕೆ ಕೇಳಿ. ಹೈಮಾಸ್ಟ್ ಲೈಟು, ಸಮುದಾಯ ಭವನ ಕೇಳೋ ಜನ ಇರ್ತಾರೆ, ಅವರ ಜೊತೆ ಸ್ವಲ್ಪ ಗುದ್ದಾಡಬೇಕಾಗುತ್ತೆ. ಹೆರೆದ ಕೆಂಪು ಮಣ್ಣನ್ನ ಗೋಡು ಅಂತ ತೋಟಕ್ಕೆ ಹೊಡೆಸ್ಕೋಬೇಡಿ, ಅದರಲ್ಲಿ ಸಾರ ಇಲ್ಲ, ನಿಮ್ಮ ತೋಟದ ನೆಲಾನೂ ಹೆಂಚಾಗುತ್ತೆ.

ದೂರಿನ ದಾರಿ: ಮೊದಲು ತಹಶೀಲ್ದಾರ್, ಗಣಿ ಮತ್ತು ಭೂವಿಜ್ಞಾನ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಫೋಟೋ, ತಾರೀಖು, ನಕಾಶೆ ಸಮೇತ ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಗಲಿಲ್ಲ ಅಂದ್ರೆ ಚೆನ್ನೈಲಿರೋ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿ ಗಡುವು ಮುಖ್ಯ, ಸಾಮಾನ್ಯ ಅರ್ಜಿಗೆ ಕಾರಣ ಹುಟ್ಟಿ ಆರು ತಿಂಗಳು, ಪರಿಹಾರ ಕೇಳೋಕೆ ಐದು ವರ್ಷ. ಒಬ್ಬರೇ ಹೋಗ್ಬೇಡಿ, ಖರ್ಚು, ಒತ್ತಡ ಎರಡೂ ಒಬ್ಬನ ಮೇಲೆ ಬೀಳುತ್ತೆ, ಊರಲ್ಲಿ ಅರ್ಧ ಜನ ಆ ಗಣೀಲೇ ಲಾರಿ ಓಡಿಸ್ತಿದ್ರಂತೂ ಚಹಾದಂಗಡೀಲಿ ಕೂರೋದೂ ಕಷ್ಟ. 2022ರಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಎರಡೂ ಸೇರಿ ವರ್ಷದ ಅದಿರಿನ ಮಿತಿಯನ್ನ 70 ಲಕ್ಷ ಟನ್‌ನಿಂದ 1.5 ಕೋಟಿ ಟನ್‌ಗೆ ಏರಿಸಿದೆ, ಹಂಗಾಗಿ ವಿಸ್ತರಣೆಗೆ ಅರ್ಜಿ ಬಂದು ನಿಮ್ಮ ಕಡೆನೂ ಸಾರ್ವಜನಿಕ ಅಹವಾಲು ಸಭೆ ನಡೀಬಹುದು. 30 ದಿನ ಮುಂಚೆ ನೋಟಿಸ್ ಕೊಡ್ಬೇಕು, ಕನ್ನಡದಲ್ಲಿ ಸಾರಾಂಶ ಸಿಗುತ್ತೆ, ಸಭೆ ವಿಡಿಯೋ ಆಗುತ್ತೆ. ಅಲ್ಲಿ ‘ಗಣಿ ಬೇಡ’ ಅಂತ ಕೂಗೋದಕ್ಕಿಂತ, ಹಳ್ಳದ ಸರ್ವೆ ನಂಬರ್ ಹೇಳಿ, ಡಂಪ್ ಎಲ್ಲಿಗೆ ಬಂದಿದೆ ಹೇಳಿ, ಅದು ನಡಾವಳೀಲಿ ದಾಖಲಾಗ್ಲಿ.

ತೋಟದ ಒಳಗೆ ನೀವು ಮಾಡೋದು ನಿಮಗೇ ಗೊತ್ತು, ಹಾಯಿ ನೀರು ಇದ್ರೆ ಡ್ರಿಪ್‌ಗೆ ಬನ್ನಿ, ಹಾಳೆ ಗರಿ ಎಲ್ಲ ಬುಡಕ್ಕೆ ಮುಚ್ಚಿ, ಹೊಸ ಗಿಡ ಸದ್ಯಕ್ಕೆ ಬೇಡ. ಸತ್ತ ಬೋರಿಗೆ ಮಳೆ ನೀರು ಇಂಗಿಸೋ ಯೋಚನೆ ಬಂದ್ರೆ ನಿಮ್ಮ ಹೊಲದ ತಿಳಿ ನೀರನ್ನ ಜಲ್ಲಿ, ಮರಳು ದಾಟಿಸಿ ಬಿಡಿ. ಹಳ್ಳದ ಕೆಂಪು ನೀರನ್ನ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ, ಉಳಿದಿರೋ ನಾಲ್ಕು ಬಿರುಕೂ ಒಂದೇ ಮಳೆಗಾಲಕ್ಕೆ ಮೆತ್ಕೊಳ್ಳುತ್ತೆ. ಇಂಗಿಸೋಕೆ ಶುರು ಮಾಡಿದ್ರೆ ಅಲ್ಲಿ ಅಳತೆ ತಗೊಳ್ಳೋದು ಸರಿ ಬರಲ್ಲ, ಬೇರೆಯವರ ಸತ್ತ ಬೋರು ನೋಡ್ಕೊಳ್ಳಿ.

ಅಂದಹಾಗೆ ಆ 380 ಅಡಿ ಬೋರಿನ ಬಾಯಿಗೆ ಈಗ ಏನು ಮುಚ್ಚಿದೀರಿ ಅಂತ ಪತ್ರದಲ್ಲಿ ಬರೆದಿಲ್ಲ. ಗೋಣಿಚೀಲ, ಕಲ್ಲು ಇಟ್ಟಿದ್ರೆ ಇವತ್ತೇ ತೆಗೆದು ವೆಲ್ಡಿಂಗ್ ಅಂಗಡೀಲಿ ಕೇಸಿಂಗ್‌ಗೆ ಕೂರೋ ಕಬ್ಬಿಣದ ಮುಚ್ಚಳ ಮಾಡಿಸಿ, ಬೀಗ ಹಾಕೋಕೆ ಕೊಂಡಿ ಇರ್ಲಿ. ಮೊದಲ ಅಳತೆ ತಗೊಂಡ ದಿನ ತಾರೀಖು ಸಮೇತ ನನಗೂ ಕಳಿಸಿ.